ಎಂಟು ತೋಪಡ, ಎಂಟು ಮಣೆ

ಗಾವಡಗೆರೆಯಲ್ಲಿ ನನ್ನ ಸೈಕಲ್ ಶಾಪಿನ ಎದುರಿಗೇ ಚೆಲುವಯ್ಯನ ಮನೆ. ಆ ಮನೆಯ ಕೊಟ್ಟಿಗೆಯಲ್ಲಿ ಎತ್ತುಗಳಿರಲಿಲ್ಲ, ಮರ ಹೆರೆಯುವ ಎಂಟು ತೋಪಡಗಳಿದ್ದವು. ಕಸುಬಿನ ಆಚಾರಿಗಳೇ ಮೂರೋ ನಾಲ್ಕೋ ತೋಪಡ ಇಟ್ಟುಕೊಂಡು ಸಂಸಾರ ದಾಟಿಸುತ್ತಾರೆ. ಚೆಲುವಯ್ಯ ಆಚಾರಿಯೂ ಅಲ್ಲ. ಹುಣಸೂರಿನ ಒಂದು ಮರದ ಡಿಪೋದಲ್ಲಿ ನಾಲ್ಕು ವರ್ಷ ದಿಮ್ಮಿಗಳಿಗೆ ಅಳತೆಪಟ್ಟಿ ಹಿಡಿದು, ಮರದ ವಾಸನೆ ತಲೆಗೆ ಹತ್ತಿಸಿಕೊಂಡು ಊರಿಗೆ ವಾಪಸು ಬಂದವನು.

ಆ ಎಂಟರಲ್ಲಿ ಒಂದೂ ಮರ ನಯಮಾಡುವ ತೋಪಡವಲ್ಲ. ಕಿಟಕಿ ಕದದ ಚೌಕಟ್ಟಿನ ಅಂಚಿನಲ್ಲಿ ಉದ್ದಕ್ಕೂ ಸಣ್ಣದೊಂದು ಕಾಲುವೆ ಇರುತ್ತದಲ್ಲ, ಹಲಗೆ ಹೋಗಿ ಕೂರುವುದಕ್ಕೆ, ಎಂಟೂ ಆ ಕಾಲುವೆ ತೆಗೆಯುವಂಥವು. ಅದೂ ಹೋಗಲಿ, ಎಂಟೂ ಅಂಗಾತ ಮಲಗಿದ್ದವು. ಒಂದೊಂದಕ್ಕೂ ಮಂಡಿಯೆತ್ತರದ ಒಂದೊಂದು ಉದ್ದ ಮಣೆ. ಮಣೆಯ ನಡುವೆ ಒಂದು ಗುಂಡಿ. ಗುಂಡಿಯೊಳಗೆ ತೋಪಡ ಹೊಟ್ಟೆ ಮೇಲೆ ಮಾಡಿಕೊಂಡು ಕೂತಿರುತ್ತಿತ್ತು. ಅಲಗು ಮಾತ್ರ ಅಕ್ಕಿಕಾಳಿನಷ್ಟು ಮೇಲಕ್ಕೆ ಇಣುಕುತ್ತಿತ್ತು. ಎಲ್ಲಾ ಕಡೆ ಮರ ಸುಮ್ಮನಿದ್ದು ತೋಪಡ ಓಡಾಡುತ್ತದೆ. ಚೆಲುವಯ್ಯನ ಮನೆಯಲ್ಲಿ ತೋಪಡ ಸುಮ್ಮನಿದ್ದು ಮರ ಓಡಾಡುತ್ತಿತ್ತು.

ಇದು ಹೊಳೆದದ್ದು ಅವರವ್ವ ಈಳಿಗೆಮಣೆ ಮೇಲೆ ಕೂತು ಕುಂಬಳಕಾಯಿ ಹೆಚ್ಚುವುದನ್ನು ನೋಡಿ. "ಈಳಿಗೆ ಯಾವತ್ತಾರ ಕಾಯಿ ತವುಕೆ ಓಗೈತಾ? ಕಾಯೇ ಈಳಿಗೆ ತವುಕೆ ಬರ್ಬೇಕು," ಎನ್ನುತ್ತಿದ್ದ. ಪಿರಿಯಾಪಟ್ಟಣದಿಂದ ಬಂದಿದ್ದ ಒಬ್ಬ ಆಚಾರಿ ಕೊಟ್ಟಿಗೆಯ ಬಾಗಿಲಲ್ಲಿ ಬಹಳ ಹೊತ್ತು ನಿಂತು ನೋಡಿ, "ಉಪ್ಪು ಖಾರ ಯಾವಾಗ ಆಕ್ತೀರಿ?" ಎಂದು ಕೇಳಿ ಹೋಗಿದ್ದ.

ಎಂಟು ಯಾಕೆ ಅಂದರೆ, ಅಲಗು ಕೂರಿಸುವುದೇ ಅರ್ಧ ದಿನದ ಕೆಲಸ. ತೋಪಡವನ್ನು ಗುಂಡಿಯಲ್ಲಿ ಇಳಿಸಿ, ಅಲಗು ಇಟ್ಟು, ಪಕ್ಕಕ್ಕೆ ಮರದ ಬೆಣೆ ಕೊಟ್ಟು, ಸಣ್ಣ ಕೊಡತಿಯಿಂದ ಟಕ್, ಇನ್ನೊಂದು ಟಕ್, ಚೂರು ಮರ ಎಳೆದು ನೋಡು, ಮತ್ತೆ ಟಕ್. ಬೆಣೆ ಹೊಡೆಯುವುದು ತೋಪಡ ಮಣೆಯಲ್ಲಿ ಕೂತ ಮೇಲೇ. ಹೊರಗೆ ಹೊಡೆದು ತಂದರೆ ಒಳಗೆ ಸಡಿಲವಾಗುತ್ತದೆ. ಇಷ್ಟು ಪಾಡುಪಟ್ಟು ಕೂರಿಸಿದ್ದನ್ನು ಮುಂದಿನ ವಾರ ಬೇರೆ ಅಳತೆಯ ಕೆಲಸ ಬಂತೆಂದು ಎಬ್ಬಿಸುವುದಕ್ಕೆ ಚೆಲುವಯ್ಯನಿಗೆ ಮನಸ್ಸು ಬರುತ್ತಿರಲಿಲ್ಲ. ಇನ್ನೊಂದು ತೋಪಡ ಮಾಡುತ್ತಿದ್ದ, ಅದಕ್ಕೊಂದು ಮಣೆ ಮಾಡುತ್ತಿದ್ದ. ಆಗ ಅಳತೆಯೂ ಒಂದು ಮನೆಯಂತೆ ಇನ್ನೊಂದಿಲ್ಲ. ಹಂಪಾಪುರದ ಕಿಟಕಿಗೆ ಕೂರಿಸಿದ್ದಕ್ಕೆ ಹಂಪಾಪುರದ್ದು ಅಂತಲೇ ಹೆಸರು. ಬೈಲಕುಪ್ಪೆಯ ಟಿಬೆಟಿನವರ ದೇವರ ಬೀರುವಿಗೆ ಕೂರಿಸಿದ್ದು ಬೈಲಕುಪ್ಪೆದು. ಹೀಗೆ ಇಸ್ಕೂಲಿಂದು, ತೊಟ್ಟಿಲಿಂದು, ಒಟ್ಟು ಎಂಟು. ಒಂದು ಮಣೆಯ ಗುಂಡಿಗೆ ಇನ್ನೊಂದರ ತೋಪಡ ಇಳಿಯುತ್ತಿರಲಿಲ್ಲ.

"ಆ ಕಿಟ್ಕಿ ಆಗೋಯ್ತಲ್ಲ, ತೋಪಡ ಯಾಕೆ ಇನ್ನೂ ಮಲ್ಗದೆ?" ಎಂದು ಹೆಂಡತಿ ಮಲ್ಲಾಜಮ್ಮ ಕೇಳುತ್ತಿದ್ದಳು.

"ಆ ಕಿಟ್ಕಿ ನಾಳೆ ಮುರುದ್ರೆ?"

"ನಾಳೆ ಮುರ್ಯಂಗೆ ಯಾಕ್ ಮಾಡ್ತೀರಿ?"

ಚೆಲುವಯ್ಯ ಕೊಡತಿ ಎತ್ತಿಕೊಳ್ಳುತ್ತಿದ್ದ.

ಉದ್ದ ಪಟ್ಟಿಗಳನ್ನು ಅಲಗಿನ ಮೇಲೆ ಹಾಯಿಸುವುದು ಒಬ್ಬನಿಂದ ಆಗುವುದಿಲ್ಲ. ಒಬ್ಬ ನೂಕಬೇಕು, ಆಚೆ ತುದಿಯಲ್ಲಿ ಒಬ್ಬ ಎಳೆಯಬೇಕು. ನೂಕುವವನು ಚೆಲುವಯ್ಯ. ಎಳೆಯುವವನು ತಮ್ಮ ಚಿಕ್ಕಬೀರಯ್ಯ. ಹನ್ನೊಂದು ವರ್ಷ ಎಳೆದ. ಮದುವೆಯಾಯಿತು, ಎರಡು ಮಕ್ಕಳಾದವು, ಎಳೆಯುತ್ತಲೇ ಇದ್ದ. ಕೆಲಸ ಕೊಡಲು ಬಂದವರು ಯಾರಾದರೂ, ಇಬ್ಬರೂ ಸೇರಿ ಮಾಡ್ತೀರೇನಪ್ಪ ಅಂದರೆ ಚೆಲುವಯ್ಯ ಸಮಾಧಾನವಾಗಿ ಹೇಳುತ್ತಿದ್ದ: "ಕೆಲ್ಸ ಮಾಡದು ನಾನು. ಇವ್ನು ಸುಮ್ನೆ ಎಳೀತಾನೆ."

ಅದರಲ್ಲಿ ಕೆಟ್ಟ ಮನಸ್ಸೇನೂ ಇರಲಿಲ್ಲ. ಮಳೆ ಬರುತ್ತಿದೆ ಅನ್ನುವ ಹಾಗೆ ಹೇಳುತ್ತಿದ್ದ.

ಚಿಕ್ಕಬೀರಯ್ಯ ಮಾತು ಕಡಿಮೆಯವನು. ಅರವತ್ತೆಂಟನೇ ಇಸವಿ ಸುಗ್ಗಿ ಮುಗಿದ ಮೇಲೆ ಒಂದು ದಿನ ಪಟ್ಟಿ ಎಳೆಯುತ್ತಿದ್ದವನು ಅರ್ಧಕ್ಕೆ ಕೈಬಿಟ್ಟು, "ಅಣ್ಣಯ್ಯ, ಒಂದ್ ಬೆಣೆ ನಾನ್ ಒಡ್ಯನಾ?" ಎಂದ.

"ಯಾಕ್ಲಾ, ಕೈ ನೋವಾ?"

"ನೋವಲ್ಲ. ಒಡ್ಯನಾ ಅಂದೆ."

"ಒಂದ್ ಕೂದ್ಲೆಳೆ ಓರೆಯಾದ್ರೆ ಕಾಲ್ವೆ ಅಗ್ಲ ಆಯ್ತದೆ. ಹಲಗೆ ಗಡಗಡ ಅಂತದೆ. ಬುಡು, ಎಳಿ."

ಚಿಕ್ಕಬೀರಯ್ಯ ಎಳೆದು ಮುಗಿಸಿದ. ಕೈಕಾಲು ತೊಳೆದ. ನೆಟ್ಟಗೆ ನಂಜಣ್ಣನವರ ಮನೆಗೆ ಹೋಗಿ ನಮಗೆ ಪಾಲು ಮಾಡಿಕೊಡಿ ಅಂದ.

ನಂಜಣ್ಣನವರು ಊರಿನ ಯಜಮಾನರು. ಪಾಲು ಎಂದರೆ ಅವರಿಗೆ ಒಂದು ಹುರುಪು. ಮಾರನೇ ಭಾನುವಾರವೇ ಚೆಲುವಯ್ಯನ ಜಗಲಿ ಮೇಲೆ ಬಂದು ಕೂತರು. ನನ್ನ ಅಕ್ಷರ ದುಂಡಗಿದೆಯೆಂದು ಪಾಲಿನ ಕಾಗದ ಬರೆಯುವುದಕ್ಕೆ ನನ್ನನ್ನೇ ಕರೆದರು. ಜಮೀನಿನ ನಡುವೆ ಮೊದಲೇ ಒಂದು ಬದು ಇತ್ತು. ಮನೆಗೆ ನಡುವೆ ಗೋಡೆ ಎಂದಾಯಿತು. ಅಡಿಗೆಮನೆ ಪಾತ್ರೆ ಪಡಗವನ್ನು ಹೆಂಗಸರೇ ವೀಳ್ಯ ಹಾಕಿಕೊಳ್ಳುವ ಹೊತ್ತಿನಲ್ಲಿ ಹಂಚಿಕೊಂಡು ಎದ್ದುಹೋದರು. ಅವರವ್ವನ ಈಳಿಗೆಮಣೆ ಚಿಕ್ಕವನ ಮನೆಗೆ ಹೋಯಿತು.

ಆಮೇಲೆ ಎಲ್ಲರೂ ಕೊಟ್ಟಿಗೆಗೆ ಬಂದೆವು.

"ನಾಕು ನಾಕು ಮಾಡ್ಕಳ್ರಪ್ಪ," ಅಂದರು ನಂಜಣ್ಣನವರು. "ಆದ್ರೂ ಪದ್ದತಿ ಪದ್ದತಿಯೇ. ಹಿರಿಯ ಪಾಲು ಮಾಡ್ಬೇಕು, ಕಿರಿಯ ಮೊದ್ಲು ಆರುಸ್ಬೇಕು. ಮಾಡು ಚೆಲುವಯ್ಯ."

ಚೆಲುವಯ್ಯ ಎಂಟು ಮಣೆಗಳ ಸುತ್ತ ಒಂದು ಸುತ್ತು ಬಂದ. ನಾಲ್ಕು ನಾಲ್ಕು ಮಾಡಿದರೆ ತಮ್ಮ ನಾಲ್ಕು ಎತ್ತಿಕೊಂಡು ಹೊರಟೇಬಿಡುತ್ತಾನೆ, ಆಚೆ ತುದಿಯಲ್ಲಿ ಎಳೆಯುವವರು ಯಾರೂ ಇರುವುದಿಲ್ಲ. ಇದು ಅವನ ಮುಖದಲ್ಲಿ ಕಾಣುತ್ತಿತ್ತು. ಹೋಗಬೇಡ ಅನ್ನುವುದು ಅವನ ಬಾಯಲ್ಲಿ ಬರುವ ಮಾತಲ್ಲ. ಅದಕ್ಕೆ ಒಂದು ಉಪಾಯ ಮಾಡಿದ. ಒಂದೊಂದೇ ತೋಪಡವನ್ನು ಗುಂಡಿಯಿಂದ ಎತ್ತಿ ಬಾಗಿಲ ಬಲಕ್ಕೆ ಸಾಲಾಗಿ ಇಟ್ಟ. ಎಂಟು ಖಾಲಿ ಮಣೆಗಳನ್ನು ಎಡಕ್ಕೆ ಎಳೆದ.

"ಇದೊಂದ್ ಪಾಲು. ಅದೊಂದ್ ಪಾಲು. ಆರುಸ್ಕಳ್ಳಿ."

ನಂಜಣ್ಣನವರು ಎರಡೂ ಕಡೆ ನೋಡಿದರು. "ಎಂಟು, ಎಂಟು. ಲೆಕ್ಕ ಸರಿಯಾಗೈತೆ," ಅಂದರು. ಅವರಿಗೆ ಮರಗೆಲಸದ ಗಂಧವಿಲ್ಲ.

ಮಣೆಯಿಲ್ಲದ ತೋಪಡವಾಗಲಿ ತೋಪಡವಿಲ್ಲದ ಮಣೆಯಾಗಲಿ ನಾಯಿಯೂ ಮೂಸುವುದಿಲ್ಲ, ತಮ್ಮ ನೋಡುತ್ತಾನೆ, ನಗುತ್ತಾನೆ, ಬುಡಣ್ಣಯ್ಯ ಇದ್ದಂಗೇ ಇರ್ಲಿ ಅನ್ನುತ್ತಾನೆ. ಚೆಲುವಯ್ಯನ ಎಣಿಕೆ ಅಷ್ಟೇ.

ಚಿಕ್ಕಬೀರಯ್ಯ ನೋಡಿದ. ನಗಲಿಲ್ಲ. "ಮಣೆ ನಂಗಿರ್ಲಿ," ಅಂದ.

"ತೀರ್ತಲ್ಲ," ಎಂದು ನಂಜಣ್ಣನವರು ಟವೆಲು ಕೊಡವಿಕೊಂಡರು. "ಬರಿಯಪ್ಪ: ಒಬ್ಬರ ಮನೆಗೆ ಒಬ್ಬರು ಕೆಲಸದ ಬಾಬತ್ತು ಕಾಲಿಡತಕ್ಕದ್ದಲ್ಲ. ಇದ ಬರೀದಿದ್ರೆ ಆಮೇಲೆ ಜಗಳ ಬತ್ತದೆ." ನಾನು ದುಂಡಗೆ ಬರೆದೆ.

ಗೋಡೆ ಎದ್ದಿತು. ಎದುರು ಅಂಗಡಿಯವನಾದ್ದರಿಂದ ಎರಡು ಬಾಗಿಲೂ ನನಗೆ ಕಾಣುತ್ತಿದ್ದವು. ಚೆಲುವಯ್ಯ ಕೆಲವು ದಿನ ತೋಪಡವನ್ನು ಆಚಾರಿಗಳಂತೆ ಕೈಯಲ್ಲಿ ಹಿಡಿದು ಮರದ ಮೇಲೆ ತಳ್ಳಲು ನೋಡಿದ. ಬರಲಿಲ್ಲ. ಅವನು ಈ ಕೆಲಸವನ್ನು ಯಾರಿಂದಲೂ ಕಲಿತವನಲ್ಲ, ತೋಪಡ ತಳ್ಳುವುದನ್ನು ಯಾವತ್ತೂ ಕಲಿತೇ ಇರಲಿಲ್ಲ. ಎಂಟು ತೋಪಡದ ಯಜಮಾನನಿಗೆ ತೋಪಡ ಹೊಡೆಯಲು ಬರುವುದಿಲ್ಲ ಎನ್ನುವ ಸುದ್ದಿ ಮೂರು ದಿನದಲ್ಲಿ ಸಂತೆಯವರೆಗೆ ಹೋಯಿತು. ನಾಲ್ಕನೇ ದಿನ ಅವನು ಎಂಟರ ಬೆಣೆಯನ್ನೂ ಬಿಚ್ಚಿ, ಅಲಗು ತೆಗೆದು, ಹರಳೆಣ್ಣೆ ಸವರಿ, ಒಂದೊಂದನ್ನೂ ಹಳೇ ಸೀರೆಯ ಚೂರಿನಲ್ಲಿ ಸುತ್ತಿಟ್ಟ.

"ಊಟ ಮಾಡ್ತಾರೆ, ಉಣ್ಣದಿಲ್ಲ ಅಂತಿಲ್ಲ," ಎಂದು ಮಲ್ಲಾಜಮ್ಮ ನನ್ನ ಹತ್ತಿರ ಹೇಳಿದಳು. "ಆದ್ರೆ ಆ ಅಲಗು ಸುತ್ವಾಗ ಮಗೀಗ್ ಬಟ್ಟೆ ಸುತ್ದಂಗ್ ಸುತ್ತುದ್ರು ಕಣಪ್ಪ. ನಂಗೆ ಯಾಕೋ ಸರಿ ಕಾಣ್ನಿಲ್ಲ."

ಗೋಡೆಯ ಆಚೆಗೆ ಚಿಕ್ಕಬೀರಯ್ಯನ ಹೆಂಡತಿ ನಾಲ್ಕು ಮಣೆಗಳ ಮೇಲೆ ಹಪ್ಪಳ ಒಣಗಿಸಿದಳು. ಇಸ್ಕೂಲಿನ ಮಣೆಯ ಗುಂಡಿಯಲ್ಲಿ ಒಂದು ಹ್ಯಾಟೆ ಕೋಳಿ ಮೊಟ್ಟೆಗೆ ಕಾವು ಕೂತಿತು. ಚಿಕ್ಕಬೀರಯ್ಯ ಅದನ್ನು ಎಬ್ಬಿಸಲಿಲ್ಲ. ನನ್ನ ಅಂಗಡಿಗೆ ಬಂದು ಲಾರಿಯ ಉಕ್ಕಿನ ಪಟ್ಟಿಯ ಹಳೇ ತುಂಡು ಇದ್ದರೆ ಕೊಡಿ, ಅಲಗು ಮಾಡ್ಕತೀನಿ ಅಂದ. ಕೊಟ್ಟೆ. ತಡೆಯಲಾರದೆ ಕೇಳಿಯೂಬಿಟ್ಟೆ.

"ಅಲ್ಲ ಬೀರಯ್ಯ, ತೋಪಡ ಬುಟ್ಟು ಮಣೆ ತಕ್ಕಂಡ್ಯಲ್ಲ, ಯಾಕೆ?"

ಅವನು ಲಾರಿ ಪಟ್ಟಿಯ ತುಕ್ಕನ್ನು ಉಗುರಿನಿಂದ ಕೆರೆದ. "ತೋಪಡ ತಕ್ಕಂಡಿದ್ರೆ ಅವ್ನ್ ಕೂರ್ಸಿದ್ ಅಲಗೇ ಇರ್ತಿತ್ತು. ಅದ ಮುಟ್ಟಕ್ಕೆ ನಂಗೇ ಕೈ ಬರ್ತಿರ್ನಿಲ್ಲ. ಮಣೇಲಾದ್ರೆ ಖಾಲಿ ಗುಂಡಿ ಐತೆ."

ಆ ಖಾಲಿ ಗುಂಡಿಗೆ ಅವನು ಮಾಡಿದ ಮೊದಲನೇ ತೋಪಡ ನನ್ನ ಅಂಗಡಿಯ ತನಕ ಕೇಳಿಸಿತು. ಕೋಳಿ ಕುಯ್ಯುವಾಗಿನ ಸದ್ದು. ಎರಡನೆಯದು ಕೋಳಿಯಲ್ಲ, ಕುರಿ. ಆ ಸದ್ದು ಶುರುವಾದಾಗಲೆಲ್ಲ ಚೆಲುವಯ್ಯ ಜಗಲಿಯಿಂದ ಎದ್ದು ಕೆರೆ ಕಡೆ ನಡೆದುಬಿಡುತ್ತಿದ್ದ. ಸದ್ದು ನಿಂತ ಮೇಲೆ ವಾಪಸು ಬರುತ್ತಿದ್ದ. ದಿನಕ್ಕೆ ನಾಲ್ಕು ಸಲ ಕೆರೆಗೆ ಹೋಗುವ ಮನುಷ್ಯನನ್ನು ಕಂಡು ಊರಿನವರು ಹೊಟ್ಟೆ ಕೆಟ್ಟಿರಬೇಕೆಂದು ಓಮದ ಕಷಾಯ ಹೇಳಿದರು.

ಹೀಗೆ ಎರಡು ತಿಂಗಳಾದ ಮೇಲೆ ಹಂಪಾಪುರದ ವೀರಮ್ಮ ಬಂದಳು.

ಅರವತ್ತು ದಾಟಿದ ಹೆಂಗಸು. ಒಂದು ಬಸ್ಸಿಗೆ ಕೋಟೆಗೆ ಬಂದು, ಇನ್ನೊಂದಕ್ಕೆ ಹುಣಸೂರಿಗೆ ಬಂದು, ಮೂರನೇ ಬಸ್ಸು ಹಿಡಿದು ತಲೆಯ ಮೇಲೊಂದು ಹಲಗೆ ಹೊತ್ತುಕೊಂಡು ನನ್ನ ಅಂಗಡಿಯ ಮುಂದೆ ಇಳಿದಾಗ ಹನ್ನೆರಡು ಗಂಟೆ. ಹಲಗೆಯನ್ನು ಚೆಲುವಯ್ಯನ ಜಗಲಿಗೆ ಒರಗಿಸಿದಳು.

"ನಿನ್ ಕಿಟ್ಕಿ ಎತ್ತು ಗುದ್ಬುಡ್ತು ಕಣಪ್ಪ. ಚೌಕಟ್ಟಿನ್ ಒಂದ್ ಪಟ್ಟಿ ಸೀಳೋಗದೆ. ಹಲಗೆ ಗಟ್ಟಿಯಾಗೇ ಅದೆ, ತಂದಿವ್ನಿ ನೋಡು. ಮಗ್ಳು ಬಾಣ್ತಿ, ಅದೇ ರೂಮು. ಗೋಣಿತಾಟು ಕಟ್ಟಿವ್ನಿ, ಗಾಳಿ ನಿಲ್ತಾ ಇಲ್ಲ. ನಮ್ಮೂರ್ ಆಚಾರಿ, ಈ ಅಳ್ತೆ ಯಾರ್ದೂ ಅಲ್ಲ, ಮಾಡ್ದೋನತ್ರನೇ ಓಗು ಅಂದ. ಐದ್ ಗಂಟೆ ಬಸ್ಗೆ ಪಟ್ಟಿ ಮಾಡ್ಕೊಟ್ಬುಡು."

ಚೆಲುವಯ್ಯ ಹಲಗೆಯ ಅಂಚನ್ನು ಹೆಬ್ಬೆರಳಿನಿಂದ ಸವರಿದ. ಮಲ್ಲಾಜಮ್ಮ ನಾನು ಎಲ್ಲರೂ ನೋಡುತ್ತಿದ್ದೆವು. ಇದೇ ದಿನಕ್ಕೆಂದು ಅವನು ಹಂಪಾಪುರದ ತೋಪಡವನ್ನು ಆರು ವರ್ಷ ಕದಲಿಸದೆ ಇಟ್ಟಿದ್ದ.

"ತೋಪಡ ನಂತಾವ್ ಐತೆ," ಅಂದ. "ಮಣೆ ಇಲ್ಲ."

"ಮಣೆ ಎಲ್ಲದೆ?"

"ಗೋಡೆ ಆಚ್ಗೆ."

ವೀರಮ್ಮ ಪಕ್ಕದ ಬಾಗಿಲಿಗೆ ಹೋದಳು. ಸ್ವಲ್ಪ ಹೊತ್ತಿಗೆ ಬಂದಳು. "ಅವ್ನು ಮಣೆ ಐತೆ, ತೋಪಡ ಇಲ್ಲ ಅಂತಾನೆ. ಏನ್ರಪ್ಪ, ನಿಮ್ಗೇನ್ ಬಂದದೆ? ಒಲೆ ಒಬ್ಬನ್ಗೆ, ಉರಿ ಒಬ್ಬನ್ಗೆ ಯಾರ್ ಪಾಲ್ ಮಾಡಿದ್ದು?"

ನಾನು ಸೈಕಲ್ಲಿನ ಚಕ್ರ ತಿರುಗಿಸಿ ನೋಡುತ್ತಿದ್ದೆ.

"ತೋಪಡ ಕೊಡಿಲ್ಲಿ, ನಾನೇ ಒತ್ಕಂಡೋಯ್ತೀನಿ," ಅಂದಳು ವೀರಮ್ಮ.

ಚೆಲುವಯ್ಯ ಒಳಗೆ ಹೋಗಿ ತೋಪಡವನ್ನು, ಬೆಣೆಯನ್ನು, ಸೀರೆಯ ಚೂರಿನಲ್ಲಿ ಸುತ್ತಿದ ಅಲಗನ್ನು ತಂದುಕೊಟ್ಟ. ವೀರಮ್ಮ ಮಡಿಲಲ್ಲಿ ಹಾಕಿಕೊಂಡು ಎರಡು ಹೆಜ್ಜೆ ಇಟ್ಟ ಮೇಲೆ ಅವನಿಗೆ ಹೊಳೆಯಿತು. ಅಲಗು ಕೂರಿಸುವವನು ಯಾರು? ಕೂರಿಸಬೇಕಾದ್ದು ಮಣೆಯಲ್ಲಿ. ಮಣೆ ಇರುವುದು ಆಚೆ. ಕಾಗದ ಬರೆದವನು ಎದುರಿಗೇ ಕೂತಿದ್ದಾನೆ. ಚೆಲುವಯ್ಯನ ಬಾಯಿ ತೆರೆಯಿತು. ಅಷ್ಟರಲ್ಲಿ ವೀರಮ್ಮ ಪಕ್ಕದ ಹೊಸಿಲು ದಾಟಿಯಾಗಿತ್ತು.

ಎಳೆಯುವುದಕ್ಕೆ ಒಬ್ಬರು ಬೇಕೆಂದು ಚಿಕ್ಕಬೀರಯ್ಯ ನನ್ನನ್ನು ಕರೆದ. ನಾನು ಕೈ ಒರೆಸಿಕೊಂಡು ಹೋದೆ. ಹಪ್ಪಳ ತೆಗೆಸಿ ಹಂಪಾಪುರದ ಮಣೆಯನ್ನು ಬೆಳಕಿಗೆ ಎಳೆದಿದ್ದ. ತೋಪಡ ಗುಂಡಿಗೆ ಇಳಿಯಿತು. ಅಲಗು ಇಟ್ಟ. ಬೆಣೆ ಇಟ್ಟ. ಕೊಡತಿ ಹಿಡಿದ ಕೈ ಒಂದು ಸಲ ಮೇಲಕ್ಕೆ ಹೋಗಿ ಅಲ್ಲೇ ನಿಂತಿತು.

"ಒಡಿಯಪ್ಪ," ಅಂದಳು ವೀರಮ್ಮ. "ಎಳೆಮಗ ಏನಲ್ಲ ಅದು."

ಟಕ್ ಅಂದಿತು.

ಚೂರು ಮರ ಇಟ್ಟು ಅವನು ನೂಕಿದ, ನಾನು ಎಳೆದೆ. ಕಾಲುವೆ ಬಿತ್ತು. ವೀರಮ್ಮ ಆ ಚೂರನ್ನು ಹಿಡಿದುಕೊಂಡು, "ನಿಮ್ಮಣ್ಣಂಗ್ ತೋರುಸ್ಕಂಡ್ ಬತ್ತೀನಿ," ಎಂದು ಹೊರಟಳು. ತೋರಿಸು ಎಂದು ಅವನು ಹೇಳಿರಲಿಲ್ಲ. ಬೇಡ ಎಂದೂ ಹೇಳಲಿಲ್ಲ.

ಗೋಡೆಯಾಚೆಯಿಂದ ಕೇಳಿಸಿತು. ಚೆಲುವಯ್ಯ ಹಲಗೆಯ ಅಂಚನ್ನು ಕಾಲುವೆಯಲ್ಲಿ ಕೂರಿಸಿ ಅಲುಗಿಸಿದ. ಗಡಗಡ ಅಂದಿತು. "ಎಡಕ್ಕೆ ವಾಲೈತೆ," ಅಂದ. "ಎಲ್ಡ್ ಕೂದ್ಲು."

ವೀರಮ್ಮ ಬಂದಳು. "ಎಡಕ್ಕೆ ವಾಲದಂತೆ. ಎಲ್ಡ್ ಕೂದ್ಲಂತೆ. ಯಾರ್ ಕೂದ್ಲು ಅಂತ ಯೋಳ್ನಿಲ್ಲ, ನಂದೋ ಬಾಣ್ತಿದೋ."

ಚಿಕ್ಕಬೀರಯ್ಯ ಬೆಣೆ ಬಿಚ್ಚಿದ, ಅಲಗು ಒರೆಸಿದ, ಮತ್ತೆ ಇಟ್ಟ. ಟಕ್, ಟಕ್. ಎರಡನೇ ಚೂರು ಹೋಯಿತು. ಎರಡನೇ ಸಲ ಚೆಲುವಯ್ಯ ಎದ್ದು ಗೋಡೆಯ ಹತ್ತಿರ ಬಂದಿದ್ದನೆಂದು ಕಾಣುತ್ತದೆ, ದನಿ ಹತ್ತಿರವಾಗಿತ್ತು. "ಅರ್ಧ ಕೂದ್ಲು. ಬೆಣೆ ಮೇಲ್ಗಡೆಯಿಂದ ಒಡೀತಾವ್ನೆ. ಕೆಳಗ್ಲಿಂದ ಒಡೀಬೇಕು."

ಇದನ್ನು ವೀರಮ್ಮ ಹೊತ್ತು ತರಬೇಕಾಗಿರಲಿಲ್ಲ, ನೇರವಾಗಿಯೇ ಕೇಳಿಸಿತ್ತು. ಆದರೂ ಅವಳು ಬಂದು ಪೂರ್ತಿಯಾಗಿ ಹೇಳಿದಳು. ಚಿಕ್ಕಬೀರಯ್ಯನೂ ಈಗ ತಾನೇ ಕೇಳಿದವನಂತೆ ತಲೆಯಾಡಿಸಿದ. ಗಂಟೆ ಮೂರಾಗಿತ್ತು.

ಮೂರನೇ ಸಲ ಅವನು ಬಹಳ ಹೊತ್ತು ತೆಗೆದುಕೊಂಡ. ಮಂಡಿಯೂರಿ, ಕಣ್ಣನ್ನು ಅಲಗಿನ ಮಟ್ಟಕ್ಕೆ ಇಳಿಸಿ, ಬೆಣೆಯನ್ನು ಕೆಳಗಿನಿಂದ ಒಂದೇ ಒಂದು ಸಲ ಮುಟ್ಟಿಸಿದ. ಹೊಡೆದ ಅನ್ನುವುದಕ್ಕಾಗುವುದಿಲ್ಲ. ಚೂರು ಮರ ಹಾಯಿಸಿದಾಗ ಸದ್ದೇ ಬರಲಿಲ್ಲ. ಹೊಟ್ಟು ಸುರುಳಿ ಸುರುಳಿಯಾಗಿ ಎದ್ದು ನನ್ನ ಕಾಲ ಮೇಲೆ ಬಿತ್ತು. ವೀರಮ್ಮ ತೆಗೆದುಕೊಂಡು ಹೋದಳು.

ಚಿಕ್ಕಬೀರಯ್ಯ ಕೊಡತಿಯನ್ನು ಕೈಯಿಂದ ಕೈಗೆ ಬದಲಾಯಿಸುತ್ತಿದ್ದ. ಹನ್ನೊಂದು ವರ್ಷ ಕಾದವನಿಗೆ ಆ ಒಂದು ಗಳಿಗೆ ಬಹಳ ಆಗಿತ್ತು.

"ಎಳ್ದೋರ್ ಯಾರು?" ಎಂದು ಆಚೆಯಿಂದ ಚೆಲುವಯ್ಯ ಕೇಳಿದ.

"ಸೈಕಲ್ ಸಾಪ್ನೋರು," ಅಂದಳು ವೀರಮ್ಮ.

"ಅದ್ಕೇ ಕೊನೇಲಿ ನಡುಗೈತೆ. ಅಲಗ್ ಸರ್ಯಾಗ್ ಕೂತೈತೆ. ಎಳ್ದಿರದು ಸರಿಯಿಲ್ಲ."

ನನಗೇನೂ ಬೇಜಾರಾಗಲಿಲ್ಲ. ಚಿಕ್ಕಬೀರಯ್ಯ ಕೊಡತಿಯನ್ನು ಕೆಳಗಿಟ್ಟ. ಮತ್ತೆ ಎತ್ತಿಕೊಂಡ. ಯಾಕೆ ಎತ್ತಿಕೊಂಡೆನೆಂದು ಗೊತ್ತಾಗದೆ ಮತ್ತೆ ಇಟ್ಟ.

ಹೊಸಿಲ ಮೇಲೆ ನೆರಳು ಬಿತ್ತು. ಚೆಲುವಯ್ಯ ಬಂದು ನಿಂತಿದ್ದ. ಒಳಗೆ ಕಾಲಿಡದೆ ನನ್ನ ಕಡೆ ನೋಡಿದ.

"ಕಾಗ್ದದಲ್ಲಿ ಏನಂತ ಬರ್ದಿದ್ರಿ?"

"ಕೆಲಸದ ಬಾಬತ್ತು ಕಾಲಿಡತಕ್ಕದ್ದಲ್ಲ ಅಂತ," ಅಂದೆ.

"ನಾನ್ ಕೆಲ್ಸಕ್ ಬಂದಿಲ್ಲ," ಅಂದ ಚೆಲುವಯ್ಯ. "ಸುಮ್ನೆ ಎಳ್ಯಕ್ ಬಂದೆ."

ನಾನು ಎದ್ದು ಜಾಗ ಬಿಟ್ಟೆ. ಅವನು ಆಚೆ ತುದಿಗೆ ಹೋಗಿ ಕುಕ್ಕರಗಾಲಿನಲ್ಲಿ ಕೂತ. ಆ ಕಡೆ ಅವನು ಯಾವತ್ತೂ ಕೂತವನಲ್ಲ. ಅಲ್ಲಿಂದ ಮಣೆಯನ್ನು ನೋಡಿದ್ದೂ ಅವತ್ತೇ ಮೊದಲಿರಬೇಕು, ಒಂದಿಷ್ಟು ಹೊತ್ತು ನೋಡಿದ. ಅಭ್ಯಾಸಬಲದಿಂದ ಬಲಗೈ ಮೆಲ್ಲಗೆ ಬೆಣೆಯ ಕಡೆ ಹೊರಟಿತು. ಚಿಕ್ಕಬೀರಯ್ಯ ಆ ಕೈಯನ್ನು ನೋಡಿದ. ಕೈ ಅರ್ಧ ದಾರಿಯಲ್ಲಿ ತಿರುಗಿ ಹೋಗಿ ಕಿವಿ ಕೆರೆದುಕೊಂಡಿತು.

ಹೊಸ ಪಟ್ಟಿಯನ್ನು ಅಲಗಿನ ಮೇಲಿಟ್ಟರು. ಚಿಕ್ಕಬೀರಯ್ಯ ನೂಕಿದ. ಅರ್ಧ ದಾರಿಗೆ ಬಂದು ಪಟ್ಟಿ ಹಿಡಿದು ನಿಂತಿತು.

"ಅಣ್ಣಯ್ಯ, ಮೇಲಕ್ಕೆ ಎತ್ತುತಾ ಇದೀಯ. ಮೊಣಕೈ ಮೈಗ್ ಅಂಟುಸ್ಕೋ."

"ಇಂಗಾ?"

"ಇನ್ನೂ ಒಸಿ. ಅಂಗೆ. ನಾನ್ ನೂಕ್ದಾಗ ನೀನ್ ಎಳೀಬ್ಯಾಡ. ನಾನ್ ನೂಕದು ನಿಂಗ್ ಗೊತ್ತಾದ್ ಮೇಲೆ ಎಳಿ."

"ಹನ್ನೊಂದ್ ವರ್ಸ ಇಂಗೇ ಎಳ್ದೇನ್ಲಾ?"

"ಊಂ."

ಚೆಲುವಯ್ಯ ಪಟ್ಟಿಯನ್ನು ಇನ್ನೊಂದು ಗೇಣು ಎಳೆದ. "ಸೊಂಟ ಇಡೀತದೆ," ಅಂದ ಆಮೇಲೆ.

"ಒಂದೆಲ್ಡ್ ವರ್ಸ ಇಡೀತದೆ," ಅಂದ ಚಿಕ್ಕಬೀರಯ್ಯ. "ಆಮೇಲ್ ಬುಡ್ತದೆ."

ಪಟ್ಟಿ ಮುಗಿದಾಗ ಐದು ಗಂಟೆಯ ಬಸ್ಸು ಹೋಗಿ ಹತ್ತು ನಿಮಿಷವಾಗಿತ್ತು. ವೀರಮ್ಮ ಹಲಗೆಯನ್ನು ಪಟ್ಟಿಯ ಕಾಲುವೆಗೆ ಕೂರಿಸಿ ಅಲುಗಿಸಿ ನೋಡಿದಳು. ಅಲುಗಲಿಲ್ಲ. "ಇರ್ಲಿ, ಗೋಣಿತಾಟು ಇನ್ನೊಂದ್ ದಿನ ತಡೀತದೆ," ಅಂದಳು. ಯಾರ ಮನೆಯಲ್ಲಿ ಉಣ್ಣುತ್ತೀರಿ ಎಂದು ಹೆಂಗಸರಿಬ್ಬರೂ ಕೇಳಿದರು. ಸಾರು ಯಾರ ಮನೆಯಲ್ಲಿ, ಮುದ್ದೆ ಯಾರ ಮನೆಯಲ್ಲಿ ಪಾಲಾಗಿದೆ ಅಂತ ಮೊದಲು ಹೇಳಿ ಎಂದು ಅವಳು ಕೇಳಿದಳು.

ಬೆಳಿಗ್ಗೆ ನಾನು ಅಂಗಡಿ ತೆಗೆಯುವ ಹೊತ್ತಿಗೆ ಅವಳು ಮೊದಲನೇ ಬಸ್ಸಿಗೆ ಹೋಗಿಯಾಗಿತ್ತು. ಚೆಲುವಯ್ಯ ಮಿಕ್ಕ ಏಳು ತೋಪಡಗಳನ್ನು ಒಂದು ಮಂಕರಿಯಲ್ಲಿ ಹೊತ್ತುಕೊಂಡು ಪಕ್ಕದ ಬಾಗಿಲಿಗೆ ಬಂದ. ಏಳು ಅಲಗುಗಳೂ ಸೀರೆಯ ಚೂರುಗಳಲ್ಲಿ ಸುತ್ತಿಟ್ಟ ಹಾಗೆಯೇ ಇದ್ದವು, ಒಂದನ್ನೂ ಬಿಚ್ಚಿರಲಿಲ್ಲ. ಮಂಕರಿ ಇಳಿಸಿ, ಆಚೆ ತುದಿಗೆ ಹೋಗಿ ಕೂತ.

ಇಸ್ಕೂಲಿಂದು ಕೂರುವುದು ಮಾತ್ರ ಹನ್ನೆರಡು ದಿನ ತಡವಾಯಿತು. ಆ ಗುಂಡಿಯಲ್ಲಿ ಎರಡನೇ ಸಲ ಕಾವಿಗೆ ಕೂತ ಹ್ಯಾಟೆ ಇನ್ನೂ ಎದ್ದಿರಲಿಲ್ಲ.